ಲಾಯಾವ್‌ನ ಹೊಗೆ, ಚಿಂಗ್‌ಪೋದ ಬಿಸಿ

"ಬಲಗಡೆ ಬಾಟಲಿ ಮುಟ್ಟಬೇಡಿ," ಎಂದಳು ಚು ಪೇಜೆನ್. "ತಿನ್ನಬೇಕು ಅನಿಸಿದ್ರೆ ಎಡಗಡೆದು ತಗೊಳ್ಳಿ."

ಕಿಟಕಿಯ ಕಟ್ಟೆಯ ಮೇಲೆ ಎರಡು ಗಾಜಿನ ಬಾಟಲಿಗಳಿದ್ದವು. ಎರಡರಲ್ಲೂ ಹಸಿರು. ವಿನಿಗರಿನಲ್ಲಿ ನೆನೆಹಾಕಿದ ಬೆಳ್ಳುಳ್ಳಿ ಹೊಸವರ್ಷದ ಹೊತ್ತಿಗೆ ಪಚ್ಚೆ ಬಣ್ಣಕ್ಕೆ ತಿರುಗುತ್ತದೆ. ಈ ದಿನಗಳಲ್ಲಿ ನಮ್ಮ ಶಾಂಶಿ ಪ್ರಾಂತ್ಯದ ಪ್ರತಿ ಕಿಟಕಿಯಲ್ಲೂ ಅಂಥದ್ದೊಂದು ಬಾಟಲಿ ಇದ್ದೇ ಇರುತ್ತದೆ. ನಾನು ಎರಡೂ ಅದೇ ಎಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಬಲಗಡೆಯದರಲ್ಲಿ ಬೆಳ್ಳುಳ್ಳಿಯೇ ಇರಲಿಲ್ಲ. ಬರೀ ಹಸಿರು ನೀರು.

"ನಾನು ಬೆಳ್ಳುಳ್ಳಿ ತಿನ್ನೋಕೆ ಬಂದಿಲ್ಲ, ಚು ಮೇಡಂ. ನಿಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದೀನಿ."

"ಗೊತ್ತು. ಕೋಟು ಹಾಕ್ಕೊಂಡೇ ಕೂತಿದೀನಿ."

ಆ ಕೋಣೆಯಲ್ಲಿ ಕೋಟು ಬಿಚ್ಚುವಂತೆಯೂ ಇರಲಿಲ್ಲ. ಸಂಸ್ಥೆಯಲ್ಲಿ ಅವಳು ಕೆಲಸ ಮಾಡುವ, ಉತ್ತರಕ್ಕೆ ಮುಖ ಮಾಡಿದ ಕೋಣೆ. ಬಿಸಿನೀರು ಸುತ್ತಿ ಕೋಣೆ ಕಾಯಿಸಬೇಕಾದ ಗೋಡೆಯ ರೇಡಿಯೇಟರ್ ಉಗುರುಬೆಚ್ಚಗೂ ಇರಲಿಲ್ಲ. ಕಾರಿಡಾರಿನ ಆಚೆ ಸಾಲಿನಲ್ಲಿ ಸತ್ತವನ ಕೋಣೆ. ಅಲ್ಲಿ ಬಿಸಿಲು ಮೇಜಿನವರೆಗೂ ಬರುತ್ತಿತ್ತು.

ಸತ್ತವನು ಯಿನ್ ಹೈಬೊ. ನಮ್ಮ ಜಿಲ್ಲೆಯ ಹನ್ನೊಂದು ತಾಲ್ಲೂಕುಗಳಲ್ಲಿ ಯಾರು ಕಡಿಮೆ ಹೊಗೆ ಬಿಟ್ಟು ಹೆಚ್ಚು ದುಡಿದರು ಎಂದು ವರ್ಷವರ್ಷವೂ ಅಳೆದು ಅಂಕ ಕೊಡುವ ಸಂಸ್ಥೆಯ ದೊಡ್ಡ ತಲೆ. ಹೋದ ವಾರ, ಅಳತೆಯ ಕೆಲಸಕ್ಕೆಂದು ತಂಗಿದ್ದ ಚಿಂಗ್‌ಪೋ ತಾಲ್ಲೂಕಿನ ಸರ್ಕಾರಿ ಅತಿಥಿಗೃಹದಲ್ಲಿ, ಮಲಗಿದಲ್ಲೇ ಹೆಣವಾಗಿದ್ದ. ಕೆನ್ನೆಗಳು ಮಾತ್ರ ಕೆಂಪಗೆ ಹೊಳೆಯುತ್ತಿದ್ದವು. ಮುಚ್ಚಿದ ಕೋಣೆಯಲ್ಲಿ ಕಲ್ಲಿದ್ದಲ ವಿಷಗಾಳಿ ಕುಡಿದು ಸತ್ತವರಿಗೆ ಹಾಗಾಗುತ್ತದೆ. ಆದರೆ ಆ ತಾಲ್ಲೂಕಿನಲ್ಲಿ ಕಲ್ಲಿದ್ದಲ ಒಲೆಗೆ ನಿಷೇಧ ಬಂದು ವರ್ಷಗಳಾಗಿವೆ. ಕೋಣೆಯಲ್ಲಿ ಒಲೆ ಇರಲಿಲ್ಲ, ಚಿಟಿಕೆ ಬೂದಿಯೂ ಇರಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಬಿಸಿ ತಾಗಿದ ಒಂದು ಗುಂಡನೆಯ ಗುರುತು ಮಾತ್ರ ಇತ್ತು. ಉಳಿದದ್ದನ್ನೆಲ್ಲ ಯಾರೋ ಚೊಕ್ಕಟವಾಗಿ ಒರೆಸಿದ್ದರು.

ಆ ಬೆಳಿಗ್ಗೆ ಮಂಡಿಯೂರಿ ಆ ನೆಲವನ್ನು ನೋಡಿದವಳು ನಾನು, ಗೆಂಗ್ ಸುಯುನ್, ಜಿಲ್ಲಾ ಅಪರಾಧ ದಳದ ಅತಿ ಹಳೆಯ ಮುಖ. ಹೊಸ್ತಿಲಾಚೆ ನಿಂತು ಅಪ್ಪಣೆ ಕೊಟ್ಟವನು ದಳದ ಕ್ಯಾಪ್ಟನ್ ಲೂ ಕೈಮಿಂಗ್. ಅವನು ಒಳಗೆ ಕಾಲಿಡಲೇ ಇಲ್ಲ. ಹೆಂಡತಿ ಬಸುರಿ, ಹೆಣವಿದ್ದ ಕೋಣೆಗೆ ಹೋಗಕೂಡದೆಂದು ತಾಯಿ ಆಣೆ ಹಾಕಿಸಿದ್ದಾಳಂತೆ. ಆ ತಾಯಿ ಚಿಂಗ್‌ಪೋ ಹಳೇ ಊರಿನ ಮನೆಗೆ ಬೀಗ ಜಡಿದು, ಬಿಸಿನೀರಿನ ಕೊಳವೆಯನ್ನೂ ಮುಚ್ಚಿಸಿ, ಶರತ್ಕಾಲದಿಂದ ಇವನ ಮನೆಯಲ್ಲೇ ಇದ್ದಾಳೆ, ಸೊಸೆಯ ಆರೈಕೆಗೆಂದು. ಇದೆಲ್ಲ ಊಟದ ಹೊತ್ತಿನಲ್ಲಿ ಅವನಾಗೇ ಹೇಳಿದ್ದು. ನಾನು ಕೇಳಿರಲಿಲ್ಲ. ಅವನ ಮನೆಯ ಸುಖದ ಸುದ್ದಿ ಕೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ.

ಇವನು ಮೊದಲ ಸಲ ಹೆಣ ನೋಡಿ ವಾಂತಿ ಮಾಡಿಕೊಂಡಾಗ ಬೆನ್ನು ಸವರಿದವಳು ನಾನು. ಬೆರಳಚ್ಚು ಎತ್ತುವುದನ್ನು ಕೈ ಹಿಡಿದು ಕಲಿಸಿದವಳೂ ನಾನೇ. ಕುರ್ಚಿ ಖಾಲಿಯಾದಾಗ ಅದರಲ್ಲಿ ಹೋಗಿ ಕೂತವನು ಅವನು. ಚಿಂಗ್‌ಪೋ ತಾಲ್ಲೂಕಿನ ಮುಖ್ಯಸ್ಥ ಫಾನ್ ದೆಗುಯಿ ಅವನಿಗೆ ಹೆಣ್ಣು ಕೊಟ್ಟ ಮಾವ, ಅಷ್ಟಿದ್ದರೆ ಸಾಕಲ್ಲ. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ಇಡೀ ಠಾಣೆಗೆ ಗೊತ್ತಿರುವ ವಿಷಯ ಇದು.

ಬಚ್ಚಲಿನ ಗ್ಯಾಸ್ ಹೀಟರ್ ಸೋರಿದೆ ಎಂದು ಲೂ ಆ ದಿನವೇ ಫೈಲು ಮುಚ್ಚಹೊರಟಿದ್ದ. ನಾನು ಹೀಟರ್ ಬಿಚ್ಚಿಸಿ ನೋಡಿಸಿದೆ. ಗಟ್ಟಿಮುಟ್ಟಾಗಿತ್ತು. ಮರುದಿನವೇ ಅವನ ಬೆರಳು ಪೇಜೆನ್ ಕಡೆ ತಿರುಗಿತು. ಸಾವಿನ ಹಿಂದಿನ ಸಂಜೆ ಅವಳು ಅತಿಥಿಗೃಹದ ಯಿನ್ ಕೋಣೆಗೆ ಹೋಗಿದ್ದಳು. "ನಿನ್ನ ಕೊಂದೇಬಿಡ್ತೀನಿ" ಎಂದು ಕೂಗಿದ್ದು ಕೆಳಗಿನ ಕೌಂಟರಿನವರೆಗೂ ಕೇಳಿಸಿತ್ತು. ಇವತ್ತು ಸಂಜೆ ಐದಕ್ಕೆ ವ್ಯಾನು ಅವಳನ್ನು ಜಿಲ್ಲಾ ಬಂದೀಖಾನೆಗೆ ಒಯ್ಯುತ್ತದೆ. ಕೊಲೆ ಆರೋಪ ಹೊತ್ತು ಆ ಗೇಟು ದಾಟಿದವರು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ.

"ಹೊರಡೋಕೆ ಮುಂಚೆ ಒಂದು ಮಾತು," ಎಂದೆ. "ಅವರ ಮೇಲೆ ನಿಮಗೆ ಹೊಟ್ಟೆಕಿಚ್ಚಿತ್ತಾ?"

"ಇತ್ತಾ ಅಂತೀರಾ? ಇದೆ. ಇವತ್ತು ಬೆಳಿಗ್ಗೆ ಅವನ ಕೋಣೆ ಬಾಗಿಲು ದಾಟಿ ಬರುವಾಗ್ಲೂ ಇತ್ತು. ಸತ್ತೋನ ಕುರ್ಚಿ ಮೇಲೆ ಬಿಸಿಲು ಬಿದ್ದಿತ್ತು, ನೋಡಿ ಮೈ ಉರೀತು."

"ಅಷ್ಟೊಂದಾ?"

"ಅಳತೆ ಇಬ್ಬರೂ ಸೇರಿ ಕಟ್ಟಿದ್ದು, ಗೆಂಗ್ ಅವರೇ. ಲೆಕ್ಕದ ಮುಕ್ಕಾಲು ಪಾಲು ನನ್ನದು. ಪ್ರಾಂತ್ಯದ ರಾಜಧಾನಿ ತೈಯುವಾನ್‌ನಲ್ಲಿ ಪ್ರಶಸ್ತಿ ಕೊಟ್ಟಾಗ ವೇದಿಕೆ ಹತ್ತಿದ್ದು ಅವನು. ಹತ್ತುವಾಗ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟ. ನಾನು ಅದನ್ನ ಮಡಿಲಲ್ಲಿ ಇಟ್ಕೊಂಡು ಚಪ್ಪಾಳೆ ತಟ್ಟೋಕೂ ಆಗದೆ ಕೂತಿದ್ದೆ. ಅವನ ಚಹಾ ಲೋಟ ಖಾಲಿ ಆಗೋಕೆ ಈ ಸಂಸ್ಥೆಯವರು ಬಿಡ್ತಾ ಇರಲಿಲ್ಲ. ನನ್ನ ಲೋಟಕ್ಕೆ ನಾನೇ ನೀರು ಹುಯ್ಕೋಬೇಕು. ನಗು ಬರುತ್ತಾ?"

ನನಗೆ ನಗು ಬರಲಿಲ್ಲ. ಲೂ ಕ್ಯಾಪ್ಟನ್ ಆದ ದಿನ ಅವನಿಗೆ ಹೂಗುಚ್ಛ ಕೊಡಲು ಎಲ್ಲರೂ ಸೇರಿ ನನ್ನನ್ನೇ ಮುಂದೆ ತಳ್ಳಿದ್ದರು. ಆ ಫೋಟೋ ಈಗಲೂ ಠಾಣೆಯ ಗೋಡೆಯ ಮೇಲಿದೆ.

"ಈ ಅಳತೆ ಅಂದ್ರೆ ಏನು, ನನ್ನಂಥವಳಿಗೆ ಅರ್ಥ ಆಗೋ ಹಾಗೆ ಹೇಳಿ."

"ಒಂದು ತಾಲ್ಲೂಕು ಎಷ್ಟು ಕಲ್ಲಿದ್ದಲು ಸುಡ್ತು, ಎಷ್ಟು ಜನ ದುಡಿದ್ರು, ಎಷ್ಟು ಗಳಿಸಿದ್ರು, ಅದಕ್ಕೆ ಎಷ್ಟು ಇಂಗಾಲ ಗಾಳಿಗೆ ಹೋಯ್ತು. ಎಲ್ಲರಿಗಿಂತ ಚೆನ್ನಾಗಿ ಮಾಡಿದೋರಿಗೆ ಪೂರ್ತಿ ಅಂಕ. ಆಮೇಲೆ ಉಳಿದೋರನ್ನ ಒಬ್ಬೊಬ್ಬರಾಗಿ ಅವರ ಪಕ್ಕ ನಿಲ್ಲಿಸೋದು. ಅವರಷ್ಟು ಜಾಣತನ ನಿನಗಿದ್ದಿದ್ರೆ ಇಷ್ಟು ಹೊಗೆ ಉಳಿಸಬಹುದಿತ್ತಲ್ಲ, ಉಳಿಸು, ಅನ್ನೋದು."

"ಅಂದ್ರೆ ಪಕ್ಕದ ಮನೆ ಸೊಸೆನ ತೋರಿಸಿ ನಮ್ಮನೆ ಸೊಸೆಗೆ ಬಯ್ಯೋದು."

"ಅದೇ. ಪಕ್ಕದ ಮನೆ ಸೊಸೆ ಚಿಂಗ್‌ಪೋ. ಮೂರು ವರ್ಷದಿಂದ ಅದೇ ಮೊದಲು. ಬಯ್ಸಿಕೊಳ್ಳೋ ಸೊಸೆ ಲಾಯಾವ್. ನಾನು ಹುಟ್ಟಿದ ಊರು."

ಅವಳು ಕೈಚೀಲದ ಹಿಡಿಯನ್ನು ಹಿಂಡುತ್ತಿದ್ದಳು.

"ಈ ಸಲ ಲಾಯಾವ್ ನೂರಕ್ಕೆ ನಲವತ್ತು ಪಾಲು ಹೊಗೆ ಇಳಿಸಬೇಕು ಅಂತ ಬಂತು. ಹಾಗಂದ್ರೆ ಕಲ್ಲಿದ್ದಲಿಂದ ಕೋಕ್ ಮಾಡೋ ಭಟ್ಟಿಗಳಿಗೆ ಬೀಗ. ನಮ್ಮಣ್ಣ ಅಲ್ಲೇ ಕೆಲಸಕ್ಕಿರೋದು. ಲೆಕ್ಕ ಹಾಕಿದೋಳು ನಾನು. ಹಬ್ಬಕ್ಕೆ ಹೋದ್ರೆ ಅತ್ತಿಗೆ ಕಡುಬಿನ ತಟ್ಟೆನ ಮೇಜಿಗೆ ಕುಕ್ಕಿ ಹೋಗ್ತಾಳೆ. ಚಿಂಗ್‌ಪೋ ಹೆಸರು ಕೇಳಿದ್ರೆ ನನಗೆ ಮೈ ಪರಚಿಕೊಳ್ಳೋ ಹಾಗಾಗುತ್ತೆ. ಅಷ್ಟು ಚೊಕ್ಕಟ ಹೇಗೆ ಸಾಧ್ಯ ಅಂತ ಹೋದ ಚಳಿಗಾಲದಿಂದ ಅದನ್ನೇ ಹುಡುಕ್ತಿದ್ದೆ."

"ಸಿಕ್ತಾ?"

"ಈ ಚಳಿಗೆ ಮನೆಗಳಿಗೆ ಬಿಸಿನೀರು ಕಳಿಸೋ ಲಾಯಾವ್‌ನ ಬಾಯ್ಲರ್‌ಗಳು ಹೋದ ವರ್ಷಕ್ಕಿಂತ ಹೆಚ್ಚು ಕಲ್ಲಿದ್ದಲು ತಿಂದಿವೆ. ಆದ್ರೆ ನಮ್ಮಣ್ಣನ ಮಕ್ಕಳು ಮನೆ ಒಳಗೇ ಟೋಪಿ ಹಾಕ್ಕೊಂಡು ಮಲಗ್ತಾವೆ. ಹಾಗಾದ್ರೆ ಬಿಸಿ ಎಲ್ಲಿಗೆ ಹೋಯ್ತು?"

ನಾನು ಕಿಟಕಿಯ ಕಡೆ ನೋಡಿದೆ. ಬಲಗಡೆಯ ಬಾಟಲಿ.

"ಗಡಿ ದಾಟಿ ಹೋಯ್ತು," ಎಂದಳು. "ಚಿಂಗ್‌ಪೋದ ಹೊಸ ಬಡಾವಣೆಗೆ. ಕಚೇರಿಗಳು, ಅತಿಥಿಗೃಹ, ಫಾನ್ ಸಾಹೇಬರ ಬಂಗ್ಲೆ. ನೆಲದಡಿ ಒಂದು ಕೊಳವೆ ಎಳ್ಕೊಂಡಿದಾರೆ. ಹೊಗೆ ನಮ್ಮೂರ ಲೆಕ್ಕಕ್ಕೆ, ಬಿಸಿ ಅವರೂರಿಗೆ. ಉಂಡೋರು ಅವರು, ಎಂಜಲೆಲೆ ನಮ್ಮ ಬಾಗಿಲಿಗೆ."

ಲಾಯಾವ್ ಜನರ ಒಂದು ಚಾಳಿ ಜಿಲ್ಲೆಗೆಲ್ಲ ಗೊತ್ತು. ರೇಡಿಯೇಟರಿನ ನಲ್ಲಿ ತಿರುಗಿಸಿ, ಒಳಗೆ ಸುತ್ತುವ ಬಿಸಿನೀರನ್ನು ಬಕೀಟಿಗೆ ಹಿಡಿದು ಬಟ್ಟೆ ಒಗೆಯುತ್ತಿದ್ದರು, ನೆಲ ಒರೆಸುತ್ತಿದ್ದರು. ಪುಕ್ಕಟೆ ಬಿಸಿನೀರನ್ನು ಯಾರು ಬಿಡುತ್ತಾರೆ? ಬೇಸತ್ತ ಬಿಸಿನೀರಿನ ಕಂಪನಿಯವರು ಕೊನೆಗೆ ನೀರಿಗೇ ಹಸಿರು ಬಣ್ಣ ಬೆರೆಸಿದರು. ಒಗೆದ ಅಂಗಿ ಹಸಿರಾಗತೊಡಗಿದ ಮೇಲೆ ಕಳ್ಳತನ ನಿಂತಿತು. ಬೇರೆ ಯಾವ ತಾಲ್ಲೂಕಿನಲ್ಲೂ ಆ ಬಣ್ಣವಿಲ್ಲ.

"ಆ ಸಂಜೆ ಹೈಬೊ ಕೋಣೆಗೆ ಹೋದೆ. ಮಾತಾಡಲಿಲ್ಲ. ಬೋಗುಣಿ ತಗೊಂಡು ರೇಡಿಯೇಟರ್ ನಲ್ಲಿ ತಿರುಗಿಸಿದೆ. ಹಸಿರು. ನೋಡು, ನಮ್ಮೂರ ನೀರು ಅಂದೆ. ಅವನ ಮುಖ ಬಿಳುಚಿತು. ಅವನಿಗೂ ಗೊತ್ತಿರಲಿಲ್ಲ, ಆಣೆ ಮಾಡಿ ಹೇಳ್ತೀನಿ. ಆದ್ರೆ ಏನಂದ ಗೊತ್ತಾ? ಫಲಿತಾಂಶ ಹೊರಗೆ ಬರೋವರೆಗೂ ಸುಮ್ಮನಿರು ಅಂದ. ಸುಮ್ಮನಿರಲ್ಲ ಅಂದೆ. ನಕ್ಕ. ಯಾರು ನಂಬ್ತಾರೆ ನಿನ್ನ, ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಅಂತ ಊರಿಗೆಲ್ಲ ಗೊತ್ತು ಅಂದ."

"ಆಗ ಕೊಂದುಬಿಡ್ತೀನಿ ಅಂದ್ರಿ."

"ಅಂದೆ. ಇನ್ನೇನು ಅನ್ನಲಿ? ಅವನು 'ಸುಳ್ಳು' ಅಂದಿದ್ರೆ ಜಗಳ ಆಡಬಹುದಿತ್ತು. ಅವನು ಹೇಳಿದ್ದು ನಿಜ. ಹೊಟ್ಟೆ ಉರಿಯೋರ ಬಾಯಲ್ಲಿ ಬಂದ ಸತ್ಯನೂ ಚಾಡಿನೇ. ಬಾಟಲಿಗೆ ನೀರು ತುಂಬಿಸ್ಕೊಂಡು ಬಸ್ಸು ಹತ್ತಿದೆ."

"ಆಮೇಲೆ?"

"ಬಸ್ಸಲ್ಲಿದ್ದಾಗ ಫೋನು ಮಾಡಿದ. ದನಿ ಇಳಿದಿತ್ತು. ನೀನು ಗೆದ್ದೆ, ಪೇಜೆನ್, ಅಂದ. ಚಿಂಗ್‌ಪೋನ ಲೆಕ್ಕದಿಂದ ತೆಗೆದುಹಾಕ್ತೀನಿ, ಫಾನ್‌ಗೆ ಈಗಷ್ಟೇ ಹೇಳಿದೆ ಅಂದ. ಜೀವಮಾನದಲ್ಲಿ ಒಂದೇ ಸಲ 'ಗೆದ್ದೆ' ಅಂದ. ಬೆಳಿಗ್ಗೆ ಹೊತ್ತಿಗೆ ಹೆಣ ಆಗಿದ್ದ. ಅದಕ್ಕೂ ಹೊಟ್ಟೆ ಉರಿಯುತ್ತೆ ನನಗೆ. ಈಗ ಯಾರ ಹತ್ರ ಗೆಲ್ಲಲಿ?"

ಅವಳು ಅಳಲಿಲ್ಲ. ಕೈಚೀಲದಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡು ಮತ್ತೆ ಒಳಗಿಟ್ಟಳು.

"ಇದನ್ನೆಲ್ಲ ವಿಚಾರಣೆಯಲ್ಲಿ ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳಲಿ? ಫಾನ್ ಅಳಿಯನಿಗಾ?"

ನನ್ನ ತಲೆಯಲ್ಲಿ ಆಗ ಓಡುತ್ತಿದ್ದದ್ದು ಅತಿಥಿಗೃಹದ ನೆಲ. ಬಿಳಿ ಹೆಂಚುಗಳು, ಹೆಂಚುಗಳ ನಡುವಿನ ಸಂದಿಗಳಲ್ಲಿ ತಿಳಿ ಹಸಿರು ಗೆರೆ. ಯಾವುದೋ ನೆಲ ಒರೆಸುವ ದ್ರಾವಣ ಎಂದುಕೊಂಡು, ರೂಢಿಯಂತೆ ಹತ್ತಿಯಲ್ಲಿ ಒಂದಿಷ್ಟು ಒತ್ತಿ ತೆಗೆದು ಪೊಟ್ಟಣದಲ್ಲಿ ಹಾಕಿದ್ದೆ. ಆಮೇಲೆ ಮರೆತೇಬಿಟ್ಟಿದ್ದೆ.

"ಚು ಮೇಡಂ, ಒಲೆ ತಂದವರು ಅದನ್ನ ವಾಪಸ್ ಒಯ್ಯುವಾಗ ಬೂದಿ ಚೆಲ್ಲಿರಬೇಕು. ಅದನ್ನ ರೇಡಿಯೇಟರ್ ನೀರಲ್ಲೇ ಒರೆಸಿದಾರೆ. ಸಂದಿಯೆಲ್ಲ ಹಸಿರು."

ಅವಳು ತಟ್ಟನೆ ತಲೆಯೆತ್ತಿದಳು. ಲೆಕ್ಕದವಳು, ನನಗಿಂತ ಒಂದು ಹೆಜ್ಜೆ ಮುಂದೆಯೇ ಹೋಗಿಬಿಟ್ಟಳು.

"ಹಾಗಾದ್ರೆ ಒರೆಸಿದೋರಿಗೆ ಅದು ಹಸಿರು ಅಂತ ಗೊತ್ತಿರಲಿಲ್ಲ. ಗೊತ್ತಿದ್ರೆ ಗುರುತು ಬೀಳೋ ನೀರು ಮುಟ್ತಿರಲಿಲ್ಲ."

"ನಿಮಗೆ ಗೊತ್ತಿತ್ತು."

"ನನಗೆ ಗೊತ್ತಿತ್ತು, ಬಾಟಲಿನೇ ತಂದಿದೀನಲ್ಲ. ಅತಿಥಿಗೃಹದ ಕೆಲಸದೋರಿಗೂ ಗೊತ್ತು, ತುಕ್ಕು ಹಿಡೀದಿರೋ ಔಷಧಿ, ಮುಟ್ಟಬೇಡಿ ಅಂತ ಮ್ಯಾನೇಜರ್ ಹೇಳಿದಾನಂತೆ. ಫಾನ್‌ಗಂತೂ ಗೊತ್ತೇ ಇದೆ, ಕೊಳವೆ ಎಳೆಸಿದ್ದೇ ಅವನು."

ಆ ಫೋನಿನ ಮಾತು ಕೇಳಿದ ಗಳಿಗೆಯಿಂದ ನಾನು ಒಳಗೊಳಗೇ ಫಾನ್ ದೆಗುಯಿಯ ಕೊರಳಿಗೆ ಹಗ್ಗ ಅಳೆಯುತ್ತಿದ್ದೆ. ಈ ಸಲವೂ ಮೊದಲ ಸ್ಥಾನ ಬಂದರೆ ಅವನಿಗೆ ಜಿಲ್ಲೆಯಲ್ಲಿ ದೊಡ್ಡ ಹುದ್ದೆ ಖಾತ್ರಿ. ಕೊಲ್ಲಲು ಕಾರಣ ಅವನಿಗೇ ಹೆಚ್ಚು. ಅವನು ಕೊಲ್ಲಿಸಿರಬಹುದು. ಆದರೆ ಕೈಯಾರೆ ಆ ನೆಲ ಒರೆಸಿದವನು ಅವನಲ್ಲ.

"ಗೊತ್ತಿಲ್ಲದೋರು ಯಾರಿರ್ತಾರೆ?" ಎಂದು ಕೇಳಿದೆ. "ಹೊರಗಿನೋರಾಗಿದ್ರೆ ಬಚ್ಚಲ ನಲ್ಲಿ ತಿರುಗಿಸ್ತಿದ್ರು. ರೇಡಿಯೇಟರ್ ಹತ್ರ ಯಾಕೆ ಹೋಗ್ತಾರೆ?"

"ಚಿಂಗ್‌ಪೋ ಹಳೇ ಊರವರು. ಅಲ್ಲಿ ಬೇರೆ ಕೊಳವೆ, ನೀರಿಗೆ ಬಣ್ಣ ಇಲ್ಲ. ಈಗ್ಲೂ ಅವರ ಮನೆಗಳಲ್ಲಿ ನೆಲ ಒರೆಸೋದು ಅದರಲ್ಲೇ. ಚಿಕ್ಕಂದಿನಿಂದ ನೋಡಿರ್ತಾರೆ, ಕೈ ತಾನಾಗೇ ಅಲ್ಲಿಗೆ ಹೋಗುತ್ತೆ. ಮಬ್ಬು ದೀಪ, ಮಸಿ ನೀರು, ಬಣ್ಣ ಎಲ್ಲಿ ಕಾಣಬೇಕು?"

ಅವಳು ಚೀಲದಿಂದ ಒಂದು ಉಣ್ಣೆಯ ಕೈಗವಸು ತೆಗೆದು ಮೇಜಿನ ಮೇಲಿಟ್ಟಳು. ಬೂದು ಬಣ್ಣದ್ದು, ಒಗೆದು ಒಗೆದು ಕುಗ್ಗಿತ್ತು.

"ಬಾಟಲಿ ತುಂಬಿಸುವಾಗ ನೆನೀತು. ಎಷ್ಟು ಸಲ ಒಗೆದಿದೀನೋ. ಕಣ್ಣಿಗೆ ಏನೂ ಕಾಣಲ್ಲ. ನಕಲಿ ನೋಟು ಹಿಡಿಯೋ ನೀಲಿ ದೀಪ ಇರುತ್ತಲ್ಲ, ಅದರ ಕೆಳಗೆ ಇಡಿ. ಮಿಣುಕುಹುಳದ ಹಾಗೆ ಹೊಳೆಯುತ್ತೆ. ಉಣ್ಣೆಯಿಂದ ಈ ಬಣ್ಣ ಬಿಡಲ್ಲ."

ನಾನು ಕೈಗವಸನ್ನೂ ಬಲಗಡೆಯ ಬಾಟಲಿಯನ್ನೂ ಚೀಲಕ್ಕೆ ಹಾಕಿಕೊಂಡೆ.

"ನನ್ನನ್ನ ನಂಬ್ತೀರಾ?" ಎಂದು ಕೇಳಿದಳು, ಬಾಗಿಲ ಹತ್ತಿರ.

"ಹೊಟ್ಟೆಕಿಚ್ಚಿಗೆಲ್ಲ ಕೊಲೆ ಆಗೋದಾದ್ರೆ ನಾನು ಯಾವತ್ತೋ ಜೈಲಲ್ಲಿರಬೇಕಿತ್ತು, ನಡೀರಿ."

ಅವಳು ಮೊದಲ ಸಲ ಸ್ವಲ್ಪ ನಕ್ಕಳು. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡಳು. ಬೇಡಿ ಹಾಕಬೇಕಿತ್ತು, ನಾನು ಹಾಕಲಿಲ್ಲ.

ಠಾಣೆಯಲ್ಲಿ ಲೂ ಬಾಗಿಲಲ್ಲೇ ಎದುರಾದ. ಹೊಸ ಕೋಟು, ಅದರ ತೋಳಿನಂಚಿನಿಂದ ಬಿಳಿ ಉಣ್ಣೆಯ ಸ್ವೆಟರ್ ಇಣುಕುತ್ತಿತ್ತು. ಹೆಂಡತಿ ಬಸುರಿನ ವಾಂತಿಯ ನಡುವೆಯೂ ಹೆಣೆದುಕೊಟ್ಟದ್ದಂತೆ. ಅದನ್ನೂ ಎಲ್ಲರಿಗೂ ತೋರಿಸಿದ್ದ.

"ತಡ ಆಯ್ತಲ್ಲ, ಗೆಂಗ್ ಅಕ್ಕ. ಊಟ ಮಾಡಿರಲ್ಲ ಅಂತ ನೂಡಲ್ಸ್ ತರಿಸಿಟ್ಟಿದೀನಿ. ವಿನಿಗರ್ ಜಾಸ್ತಿ ಹಾಕಿಸಿದೀನಿ, ನಿಮಗೆ ಬೇಕಲ್ಲ."

ಹೀಗೆ ಮಾಡುತ್ತಾನೆ. ಕೆಟ್ಟವನಾಗಿದ್ದಿದ್ದರೆ ನನಗೆಷ್ಟೋ ಸಲೀಸಾಗುತ್ತಿತ್ತು.

"ಆಮೇಲೆ ತಿಂತೀನಿ, ಕ್ಯಾಪ್ಟನ್. ಸಾಕ್ಷ್ಯದ ಕೋಣೆಯಲ್ಲಿ ಸ್ವಲ್ಪ ಕೆಲಸ ಇದೆ."

"ಐದಕ್ಕೆ ವ್ಯಾನು."

"ಗೊತ್ತು."

ಪೇಜೆನ್‌ಳನ್ನು ಕಾರಿಡಾರಿನ ಬೆಂಚಿನ ಮೇಲೆ ಕಾನ್‌ಸ್ಟೇಬಲ್ ಪಕ್ಕ ಕೂರಿಸಿದೆ. ಸಾಕ್ಷ್ಯದ ಕೋಣೆಗೆ ಕಿಟಕಿಯಿಲ್ಲ. ಬಾಗಿಲು ಹಾಕಿ, ದೀಪ ಆರಿಸಿ, ನೋಟು ಪರೀಕ್ಷೆಯ ನೀಲಿ ದೀಪದ ಗುಂಡಿ ಒತ್ತಿದೆ.

ಕೈಗವಸು ಹೊಳೆಯಿತು. ಬಾಟಲಿ ಹೊಳೆಯಿತು. ನನ್ನ ಪೊಟ್ಟಣದ ಹತ್ತಿ, ಅತಿಥಿಗೃಹದ ನೆಲದಿಂದ ನಾನೇ ಒತ್ತಿ ತೆಗೆದದ್ದು, ಅದೂ ಅದೇ ಹಸಿರಿನಲ್ಲಿ ಹೊಳೆಯಿತು. ಕೆಳಗೆ ನೋಡಿದರೆ ನನ್ನ ಪ್ಯಾಂಟಿನ ಎರಡೂ ಮಂಡಿಗಳ ಮೇಲೆ ಹಸಿರು ಚುಕ್ಕೆಗಳು. ಆ ಬೆಳಿಗ್ಗೆ ಮಂಡಿಯೂರಿದಾಗ ಸಂದಿಗಳು ಇನ್ನೂ ಒದ್ದೆಯಾಗಿದ್ದವು. ಆ ನೆಲ ಮುಟ್ಟಿದವರನ್ನು ಈ ದೀಪ ಬಿಡುವುದಿಲ್ಲ ಎಂದಾಯಿತು. ಪೇಜೆನ್ ಹೇಳಿದ್ದು ಅಕ್ಷರಶಃ ನಿಜ. ಇದನ್ನು ಮುಂದಿಟ್ಟರೆ ವ್ಯಾನು ನಿಲ್ಲಿಸಬಹುದಿತ್ತು.

ಬಾಗಿಲು ತೆರೆಯಿತು.

"ಕತ್ತಲಲ್ಲಿ ಏನು ಮಾಡ್ತಿದೀರಿ, ಅಕ್ಕ?" ಲೂ ಒಳಗೆ ಬಂದು ಹಿಂದೆಯೇ ಬಾಗಿಲು ಹಾಕಿದ. "ನೋಟು ಎಣಿಸ್ತಿದೀರಾ?"

"ಬಾ ಇಲ್ಲಿ, ತೋರಿಸ್ತೀನಿ," ಎಂದೆ. ಯಾರೂ ಇಲ್ಲದಾಗ ನಾನು ಅವನಿಗೆ ಕ್ಯಾಪ್ಟನ್ ಎನ್ನುವುದಿಲ್ಲ. "ನೋಡು, ಈ ಹತ್ತಿ ಆ ಕೋಣೆ ನೆಲದ್ದು. ಕೊಂದೋನು ಇದೇ ನೀರಲ್ಲಿ ಬೂದಿ ಒರೆಸಿದಾನೆ. ಚು ಪೇಜೆನ್ ಅಲ್ಲ, ಕೈಮಿಂಗ್. ಅವಳಿಗೆ ಈ ನೀರಿನ ಬಣ್ಣ ಗೊತ್ತಿತ್ತು."

"ಎಲ್ಲಿ, ಕೊಡಿ ನೋಡೋಣ."

ಹತ್ತಿಗೆಂದು ಅವನು ಕೈ ಚಾಚಿದ. ಕೋಟಿನ ತೋಳು ಹಿಂದೆ ಸರಿಯಿತು. ನೀಲಿ ಬೆಳಕಿನಲ್ಲಿ ಅವನ ಸ್ವೆಟರಿನ ಅಂಚು, ಮಣಿಕಟ್ಟಿನ ಸುತ್ತ, ಬಳೆ ತೊಟ್ಟಂತೆ ಹಸಿರಾಗಿ ಹೊಳೆಯಿತು.

ಇಬ್ಬರೂ ನೋಡಿದೆವು.

"ಅಮ್ಮನ ಮನೆ ನೆಲ ಒರೆಸಿದ್ದೆ," ಎಂದ ಅವನು. "ಹೋದ ಭಾನುವಾರ. ಹಬ್ಬಕ್ಕೆ ಮನೆ ತೊಳೆಯೋದು ಇದ್ದೇ ಇರುತ್ತಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ನಾನು ಕಳ್ಳ ಎಂದೂ ಅಂದಿರಲಿಲ್ಲ.

ಆ ಕ್ಷಣ ನನಗೆ ಮೊದಲು ಬಂದದ್ದು ದುಃಖವಲ್ಲ, ಭಯವೂ ಅಲ್ಲ, ಸಂತೋಷ. ಹೊಟ್ಟೆಯ ತಳದಿಂದ ಉಕ್ಕಿ ಬಂದ ಸಂತೋಷ. ಸಿಕ್ಕಿಬಿದ್ದ, ನನ್ನ ಕುರ್ಚಿ ಕಸಿದವನು ಸಿಕ್ಕಿಬಿದ್ದ. ಮರುಕ್ಷಣವೇ ಆ ಸಂತೋಷ ಕಂಡು ನನಗೇ ಹೇಸಿಗೆಯಾಯಿತು. ನಾನು ನೋಡುತ್ತಿರುವುದು ಸಾಕ್ಷ್ಯವೋ, ನನಗೆ ಬೇಕಾದದ್ದೋ? ತಾಯಿಯ ಮನೆ ಒರೆಸಿರಬಹುದು, ಒಳ್ಳೆಯ ಮಗ. ನಂಬಿಬಿಡು, ಸುಯುನ್, ಎಂದುಕೊಂಡೆ.

ಆದರೆ ಆ ತಾಯಿ ಶರತ್ಕಾಲದಿಂದ ಇವನ ಮನೆಯಲ್ಲಿದ್ದಾಳೆ. ಆ ಮನೆಗೆ ಬೀಗ, ಕೊಳವೆ ಬಂದ್, ರೇಡಿಯೇಟರಿನಲ್ಲಿ ಹನಿ ನೀರಿಲ್ಲ. ಇದ್ದರೂ ಹಳೇ ಊರಿನ ನೀರಿಗೆ ಬಣ್ಣವಿಲ್ಲ. ಇನ್ನು ತನಿಖೆಗೆಂದು ಹೋದ ಬೆಳಿಗ್ಗೆ ಆ ಕೋಣೆಯ ಹೊಸ್ತಿಲನ್ನು ಇವನು ದಾಟೇ ಇರಲಿಲ್ಲ. ಅದಕ್ಕೆ ಸಾಕ್ಷಿ ನಾನೇ.

ಲೂ ಬಗ್ಗಿ ದೀಪದ ತಂತಿಯನ್ನು ಗೋಡೆಯಿಂದ ಕಿತ್ತ. ಕೋಣೆ ಪೂರ್ತಿ ಕಪ್ಪಾಯಿತು. ಅವನ ಉಸಿರು ನನ್ನ ಕಿವಿಯ ಹತ್ತಿರವೇ ಕೇಳಿಸುತ್ತಿತ್ತು.

"ನೀವು ಸುಸ್ತಾಗಿದೀರಿ, ಅಕ್ಕ," ಎಂದ ಮೆಲ್ಲಗೆ. "ಈ ಹಸಿರು ನೀರಿನ ಕಥೆ ಮೇಲಿನೋರ ಮುಂದೆ ಹೇಳಿದ್ರೆ ಏನಂತಾರೆ? ಕುರ್ಚಿ ಸಿಗಲಿಲ್ಲ ಅಂತ ಹೊಟ್ಟೆ ಉರ್ಕೊಂಡು ಕ್ಯಾಪ್ಟನ್ ಮೇಲೆ ಗೂಬೆ ಕೂರಿಸ್ತಿದಾಳೆ ಅಂತಾರೆ. ನಾನು ಹಾಗನ್ನಲ್ಲ, ಬಿಡಿ. ನಿಮ್ಮಿಂದಲೇ ಕೆಲಸ ಕಲಿತೋನು ನಾನು."

ದೊಡ್ಡ ದೀಪ ಹಾಕಿ, ನೀಲಿ ದೀಪವನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ನಾನು ಹತ್ತಿ, ಕೈಗವಸು, ಬಾಟಲಿಯನ್ನು ಮತ್ತೆ ಚೀಲಕ್ಕೆ ಹಾಕಿದೆ. ಮುಖಕ್ಕೆ ತಣ್ಣೀರು ಎರಚಿಕೊಂಡು ಕಾರಿಡಾರಿಗೆ ಬರುವಷ್ಟರಲ್ಲಿ ಅಂಗಳದಲ್ಲಿ ವ್ಯಾನಿನ ಎಂಜಿನ್ ಶುರುವಾಗಿತ್ತು. ದಳದವರೆಲ್ಲ ಟೋಪಿ ಹಾಕಿಕೊಂಡು ನಿಂತಿದ್ದರು. ಅಡುಗೆಮನೆಯ ಕಡೆಯಿಂದ ಏನೋ ಕರಕಲು ವಾಸನೆ ಬರುತ್ತಿತ್ತು; ನನ್ನ ನೂಡಲ್ಸ್ ಬಿಸಿ ಮಾಡಹೋಗಿ ತಳ ಹಿಡಿಸಿದರೆಂದುಕೊಂಡೆ.

ಲೂ ಒಂದು ಕಾಗದವನ್ನೂ ಪೆನ್ನನ್ನೂ ನನ್ನ ಮುಂದೆ ಹಿಡಿದ. ಆರೋಪಿಯನ್ನು ಒಪ್ಪಿಸುವವರ ಸಹಿ.

"ಕರೆತಂದವರು ನೀವೇ ಅಲ್ವಾ, ಅಕ್ಕ. ಸಹಿ ಹಾಕಿ."

ಪೇಜೆನ್ ಬೆಂಚಿನಿಂದ ಎದ್ದು ನಿಂತಿದ್ದಳು. ಈಗ ಅವಳ ಕೈಗೆ ಬೇಡಿ ಬಿದ್ದಿತ್ತು. ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೊಳೀತಾ?" ಎಂದು ಕೇಳಿದಳು.

ಪೆನ್ನು ನನ್ನ ಕೈಯಲ್ಲಿತ್ತು. ಇಡೀ ದಳ ಕೇಳಿಸಿಕೊಳ್ಳುತ್ತಿತ್ತು.

"ಹೊಳೀತು," ಎಂದೆ ಗಟ್ಟಿಯಾಗಿ. "ಇವರು ಕೊಂದಿಲ್ಲ. ಕೊಂದವರ ಬಟ್ಟೆ ಮೇಲೆ ಹೊಳೀತು. ನಾನೇ ನೋಡಿದೆ."

"ಯಾರ ಬಟ್ಟೆ ಮೇಲೆ?" ಎಂದು ಕೇಳಿದ್ದು ಪೇಜೆನ್ ಅಲ್ಲ, ಲೂ.

ನಾನು ಅವನ ಕಡೆ ಬೆರಳು ತೋರಿಸಿದೆ.

ಕಾನ್‌ಸ್ಟೇಬಲ್ ತಲೆ ತಗ್ಗಿಸಿದ. ಹಿಂದೆ ಯಾರೋ ಲೊಚಗುಟ್ಟಿದರು. ಒಬ್ಬೊಬ್ಬರ ಕಣ್ಣೂ ನನ್ನಿಂದ ಜಾರಿ, ಗೋಡೆಯ ಮೇಲಿನ ಆ ಫೋಟೋಗೆ ಹೋಗಿ ನಿಂತಿತು. ಅದರಲ್ಲಿ ನಾನು ಅವನಿಗೆ ಹೂಗುಚ್ಛ ಕೊಡುತ್ತಿದ್ದೇನೆ, ಹಲ್ಲು ಕಚ್ಚಿಕೊಂಡು.

"ಪಾಪ, ನೋಡಲಿ ಬಿಡ್ರಪ್ಪ," ಎಂದು ಲೂ ನಕ್ಕು, ಕೋಟಿನ ತೋಳುಗಳನ್ನು ಮೊಣಕೈವರೆಗೂ ಏರಿಸಿ ಎರಡೂ ಕೈಗಳನ್ನು ನನ್ನ ಮುಂದೆ ಚಾಚಿದ.

ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ಅವನ ಮೈಮೇಲೆ ಸ್ವೆಟರ್ ಇರಲಿಲ್ಲ. ಬರೀ ಅಂಗಿ, ಬರಿಯ ಮಣಿಕಟ್ಟು. ಅಡುಗೆಮನೆಯಿಂದ ಬರುತ್ತಿದ್ದದ್ದು ಉಣ್ಣೆ ಸುಟ್ಟ ವಾಸನೆ ಎಂದು ನನಗೆ ಆಗ ಹೊಳೆಯಿತು.